ವಿದೇಶಿ ವಿದ್ಯಾರ್ಥಿಗಳ ಸಾಮೂಹಿಕ ಪ್ರವಾಸ ಮತ್ತು ಸಾಂಸ್ಕೃತಿಕ ಸಂದರ್ಶನ: ಉದ್ದೇಶ, ಸ್ಥಳಗಳ ಆಯ್ಕೆ ಹಾಗೂ ಗಮನಿಸಬೇಕಾದ ಅಂಶಗಳು

ಪೀಠಿಕೆ

ಉನ್ನತ ವ್ಯಾಸಂಗಕ್ಕಾಗಿ ಹೊರದೇಶಗಳಿಂದ ಭಾರತಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಗಣನೀಯ ಭಾಗವು ಬಹುಕಾಲದಿಂದ ಕರ್ನಾಟಕವನ್ನು ಆರಿಸಿಕೊಳ್ಳುತ್ತಾ ಬಂದಿದೆ. 2019-20ನೇ ಸಾಲಿನ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದಲ್ಲಿ 168 ರಾಷ್ಟ್ರಗಳ 49,348 ವಿದೇಶಿ ವಿದ್ಯಾರ್ಥಿಗಳು ವ್ಯಾಸಂಗನಿರತರಾಗಿದ್ದು, ಅವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಕರ್ನಾಟಕದಲ್ಲಿದ್ದರು. ಆ ಸಾಲಿನಲ್ಲಿ ರಾಜ್ಯಗಳ ಪೈಕಿ ಕರ್ನಾಟಕವು ಪ್ರಥಮ ಸ್ಥಾನದಲ್ಲಿತ್ತು. ನೇಪಾಳ, ಅಫ್ಘಾನಿಸ್ತಾನ, ಬಾಂಗ್ಲಾದೇಶ, ಭೂತಾನ್ ಹಾಗೂ ಸುಡಾನ್ ದೇಶಗಳವರು ಭಾರತಕ್ಕೆ ಬಂದಿದ್ದ ವಿದ್ಯಾರ್ಥಿಗಳಲ್ಲಿ ಪ್ರಮುಖರು. ಬೆಂಗಳೂರು, ಮೈಸೂರು, ಮಣಿಪಾಲ, ಮಂಗಳೂರು ಮೊದಲಾದ ನಗರಗಳು ಇಂತಹ ವಿದ್ಯಾರ್ಥಿಗಳಿಗೆ ಪರಿಚಿತವಾದ ಶಿಕ್ಷಣ ಕೇಂದ್ರಗಳಾಗಿವೆ.

ಈ ವಿದ್ಯಾರ್ಥಿಗಳು ತರಗತಿ, ವಿದ್ಯಾರ್ಥಿನಿಲಯ ಮತ್ತು ಪರೀಕ್ಷೆ ಎಂಬ ಮೂರು ಬಿಂದುಗಳ ನಡುವೆಯೇ ಹಲವು ವರ್ಷಗಳನ್ನು ಕಳೆಯುವ ಸಂಭವವುಂಟು. ಒಂದು ಕನ್ನಡ ಮನೆಯ ಹೊಸ್ತಿಲನ್ನು ದಾಟದೆ, ಸಹಪಾಠಿಯೊಬ್ಬನ ಊರನ್ನು ನೋಡದೆ, ಸ್ವದೇಶದವರೊಡನೆ ಮಾತ್ರ ಒಡನಾಡಿ ಪದವಿ ಪತ್ರದೊಂದಿಗೆ ಹಿಂದಿರುಗುವವರೂ ಇದ್ದಾರೆ. ಪ್ರಮಾದವಶಾತ್ ಸಂಭವಿಸುವ ಒಂದು ಕಹಿ ಪ್ರಸಂಗವೇ ಅಂತಹವರಿಗೆ ಈ ನಾಡಿನ ಏಕೈಕ ನೆನಪಾಗಿ ಉಳಿಯಬಹುದು. ಸಾಮೂಹಿಕ ಪ್ರವಾಸಗಳ ಅಗತ್ಯವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು. ವಿದ್ಯಾಸಂಸ್ಥೆಗಳ ಪ್ರಾಧ್ಯಾಪಕರು, ವಿದ್ಯಾರ್ಥಿ ಕ್ಷೇಮಪಾಲಕರು ಹಾಗೂ ಸ್ವತಃ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

ಪ್ರವಾಸದ ಉದ್ದೇಶ

ಸ್ವತಂತ್ರ ಭಾರತದ ಪ್ರಥಮ ಶಿಕ್ಷಣ ಸಚಿವರಾದ ಮೌಲಾನಾ ಅಬುಲ್ ಕಲಾಂ ಆಜಾದ್ ಅವರು 1950ರಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು ಸ್ಥಾಪಿಸಿದರು. ವಿದೇಶಿ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡುವುದರ ಜೊತೆಗೆ ಅವರಿಗಾಗಿ ಶಿಬಿರ, ಅಧ್ಯಯನ ಪ್ರವಾಸ ಹಾಗೂ ಸಾಂಸ್ಕೃತಿಕ ಕಾರ್ಯಕ್ರಮಗಳನ್ನು ಏರ್ಪಡಿಸುವುದು ಈ ಪರಿಷತ್ತಿನ ಕಾರ್ಯಗಳಲ್ಲಿ ಸೇರಿದೆ. ಪರಿಷತ್ತಿನ ಪ್ರಾದೇಶಿಕ ಕಚೇರಿಯು ಬೆಂಗಳೂರಿನಲ್ಲಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2021ರಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ವಿಶ್ವವಿದ್ಯಾನಿಲಯಗಳು ಅಂತರರಾಷ್ಟ್ರೀಯ ವ್ಯವಹಾರಗಳಿಗಾಗಿ ಪ್ರತ್ಯೇಕ ಕಚೇರಿಯನ್ನು ತೆರೆಯುವಂತೆ ಸೂಚಿಸಿದೆ. ಪ್ರವಾಸದ ಯೋಜನೆಯನ್ನು ಇಂತಹ ಕಚೇರಿಯ ಮೂಲಕ ರೂಪಿಸುವುದು ಅನುಕೂಲಕರ.

ಪ್ರವಾಸವೆಂದರೆ ಕೇವಲ ಪ್ರೇಕ್ಷಣೀಯ ಸ್ಥಳಗಳ ವೀಕ್ಷಣೆಯಲ್ಲ. ವಿದೇಶಿ ವಿದ್ಯಾರ್ಥಿಗಳನ್ನು ಮಾತ್ರ ಒಂದು ಬಸ್ಸಿನಲ್ಲಿ ಕೂರಿಸಿ, ಮಾರ್ಗದರ್ಶಕರ ವಿವರಣೆಯನ್ನು ಕೇಳಿಸಿ, ಛಾಯಾಚಿತ್ರ ತೆಗೆಸಿ ಹಿಂದಕ್ಕೆ ಕರೆತಂದರೆ ಉದ್ದೇಶವು ಈಡೇರುವುದಿಲ್ಲ. ಬೆಳಿಗ್ಗೆ ಅಪರಿಚಿತರಾಗಿ ಹೊರಟವರು ಸಂಜೆ ಅಪರಿಚಿತರಾಗಿಯೇ ಮರಳುತ್ತಾರೆ. ಸ್ಥಳೀಯ ವಿದ್ಯಾರ್ಥಿಗಳು ಸಮಸಂಖ್ಯೆಯಲ್ಲಿ ಜೊತೆಗೂಡಿ, ಒಂದೇ ಊಟ, ಒಂದೇ ವೆಚ್ಚ ಹಾಗೂ ಒಂದೇ ವಸತಿಯನ್ನು ಹಂಚಿಕೊಂಡಾಗ ಮಾತ್ರ ಪ್ರವಾಸವು ಸಾರ್ಥಕವಾಗುತ್ತದೆ.

ಸ್ಥಳಗಳ ಆಯ್ಕೆ

ಸ್ಥಳಗಳನ್ನು ಆಯ್ಕೆ ಮಾಡುವಾಗ ಅವುಗಳ ಪ್ರಸಿದ್ಧಿಯನ್ನು ಮಾತ್ರ ಪರಿಗಣಿಸದೆ, ತಂಡದಲ್ಲಿರುವ ವಿದ್ಯಾರ್ಥಿಗಳ ದೇಶಗಳಿಗೂ ಆ ಸ್ಥಳಕ್ಕೂ ಇರುವ ಸಂಬಂಧವನ್ನು ಗಮನಿಸುವುದು ಸೂಕ್ತ. ಕರ್ನಾಟಕದ ಇತಿಹಾಸದಲ್ಲಿ ಇಂತಹ ನಿದರ್ಶನಗಳು ಹೇರಳವಾಗಿವೆ.

1. ಹಂಪಿ: ಬೆಂಗಳೂರಿನಿಂದ ಸುಮಾರು 340 ಕಿ.ಮೀ. ದೂರದಲ್ಲಿರುವ ಈ ಕ್ಷೇತ್ರವು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿಜಯನಗರದ ವೈಭವವನ್ನು ಲೋಕಕ್ಕೆ ತಿಳಿಸಿದವರಲ್ಲಿ ಹೊರದೇಶದವರೇ ಅನೇಕರು. ಇಟಲಿಯ ನಿಕೊಲೊ ಕಾಂಟಿ, ಪೋರ್ಚುಗೀಸರಾದ ಡೊಮಿಂಗೊ ಪಾಯೆಸ್ ಮತ್ತು ಫರ್ನಾವೊ ನೂನಿಜ್ ಇವರಲ್ಲಿ ಪ್ರಮುಖರು. ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, 1443ರಲ್ಲಿ, ತೈಮೂರ್ ವಂಶದ ಷಾ ರುಖ್‌ನ ರಾಯಭಾರಿಯಾಗಿ ಇಲ್ಲಿಗೆ ಬಂದ ಅಬ್ದುರ್ ರಜಾಕ್ ಮಹಾನವಮಿ ಉತ್ಸವವನ್ನು ಕಂಡು ವಿವರವಾಗಿ ದಾಖಲಿಸಿದ್ದಾನೆ. ಅವನ ಜನ್ಮಸ್ಥಳವಾದ ಹೆರಾತ್ ಇಂದಿನ ಅಫ್ಘಾನಿಸ್ತಾನದಲ್ಲಿದೆ. ಮಹಾನವಮಿ ದಿಬ್ಬದ ಮೇಲೆ ನಿಂತ ಅಫ್ಘಾನ್ ವಿದ್ಯಾರ್ಥಿಗೆ ಈ ಸಂಗತಿಯನ್ನು ತಿಳಿಸಿದರೆ, ಅವನು ಈ ನಾಡಿಗೆ ಬಂದ ತನ್ನ ನಾಡಿನವರಲ್ಲಿ ಮೊದಲಿಗನಲ್ಲವೆಂಬುದು ಅವನಿಗೆ ಮನವರಿಕೆಯಾಗುತ್ತದೆ. ಸ್ಥಳೀಯ ವಿದ್ಯಾರ್ಥಿಗೂ ಇದು ಅಷ್ಟೇ ಹೊಸ ತಿಳಿವಳಿಕೆ.

2. ಬೀದರ್: ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗಾವಾನ್ ನಿರ್ಮಿಸಿದ ಮದರಸವು 1472ರಲ್ಲಿ ಪೂರ್ಣಗೊಂಡಿತು. ಗ್ರಂಥಾಲಯ, ಉಪನ್ಯಾಸ ಕೊಠಡಿಗಳು ಹಾಗೂ ಬೋಧಕರ ಮತ್ತು ವಿದ್ಯಾರ್ಥಿಗಳ ವಸತಿಯನ್ನು ಒಳಗೊಂಡಿದ್ದ ಈ ಕಟ್ಟಡದ ಮುಂಭಾಗದಲ್ಲಿ ವರ್ಣಮಯ ಹೆಂಚುಗಳ ಅಲಂಕಾರವು ಇಂದಿಗೂ ಅಲ್ಲಲ್ಲಿ ಉಳಿದಿದೆ. ವಿದ್ಯಾರ್ಥಿಗಳು ವಾಸವಿದ್ದು ಕಲಿತ, ಐದು ಶತಮಾನಗಳಿಗೂ ಹಿಂದಿನ ವಿದ್ಯಾಕೇಂದ್ರವೆಂಬ ಕಾರಣದಿಂದ ಇದು ಇಂದಿನ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯ ಸ್ಥಳ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ಕುಸುರಿ ಕೂರಿಸುವ ಬಿದರಿ ಕಲೆಯನ್ನು ಇಲ್ಲಿನ ಕುಶಲಕರ್ಮಿಗಳಲ್ಲಿ ಪ್ರತ್ಯಕ್ಷವಾಗಿ ನೋಡಬಹುದು.

3. ವಿಜಯಪುರ: ಗೋಲಗುಮ್ಮಟದಲ್ಲಿ ಸಮಾಧಿಯಾಗಿರುವ ಮುಹಮ್ಮದ್ ಆದಿಲ್‌ಶಾಹನ ಆಡಳಿತದಲ್ಲಿ ಪ್ರಭಾವಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಆಫ್ರಿಕ ಮೂಲದವನು. ಆಫ್ರಿಕದಿಂದ ಬಂದವರು ಈ ನಾಡಿನಲ್ಲಿ ಉನ್ನತಾಧಿಕಾರವನ್ನು ಹೊಂದಿದ್ದರೆಂಬ ಅಂಶವು ಸುಡಾನ್, ತಾಂಜಾನಿಯ, ನೈಜೀರಿಯ ಮೊದಲಾದ ದೇಶಗಳ ವಿದ್ಯಾರ್ಥಿಗಳೊಡನೆ ಇರುವ ನಮ್ಮ ವಿದ್ಯಾರ್ಥಿಗಳಿಗೂ ಅಗತ್ಯವಾಗಿ ತಿಳಿದಿರಬೇಕು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಭಾಗಗಳಲ್ಲಿ ವಾಸಿಸುವ ಸಿದ್ದಿ ಜನಾಂಗದವರೂ ಆಫ್ರಿಕ ಮೂಲದವರೇ. ಆದರೆ ಅವರ ಹಳ್ಳಿಗಳನ್ನು ಪ್ರದರ್ಶನದ ವಸ್ತುವಿನಂತೆ ನೋಡಲು ಹೋಗಬಾರದು. ಅಲ್ಲಿನವರ ಆಹ್ವಾನವಿದ್ದಲ್ಲಿ ಮಾತ್ರ ಭೇಟಿ ನೀಡುವುದು ಉಚಿತ.

4. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರ: ಈ ಮೂರೂ ಸ್ಥಳಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಮೈಸೂರಿನಿಂದ ಸುಮಾರು 35 ಕಿ.ಮೀ. ದೂರದ ಸೋಮನಾಥಪುರದ ಕೇಶವ ದೇವಾಲಯವನ್ನು 1258ರಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದನು. ಇಲ್ಲಿನ ಶಿಲ್ಪಗಳ ಮೇಲೆ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಕಂಡುಬರುತ್ತದೆ. ಕನ್ನಡ ಓದಬಲ್ಲ ವಿದ್ಯಾರ್ಥಿಯು ಆ ಅಕ್ಷರಗಳನ್ನು ತನ್ನ ವಿದೇಶಿ ಮಿತ್ರನಿಗೆ ತೋರಿಸಿ ಇಂದಿನ ಲಿಪಿಯೊಡನೆ ಹೋಲಿಸಿದರೆ ಅದೇ ಒಂದು ಪಾಠ.

5. ಚನ್ನಪಟ್ಟಣ: ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿದ್ದು, ಒಂದು ದಿನದ ಪ್ರವಾಸಕ್ಕೆ ತಕ್ಕುದಾಗಿದೆ. ಆಲೆ ಮರದಿಂದ ಅರಗಿನ ಬಣ್ಣದ ಆಟಿಕೆಗಳನ್ನು ತಯಾರಿಸುವ ವಿಧಾನವನ್ನು ನೋಡಬಹುದು. ಭಾಷೆಯ ತೊಡಕಿರುವಲ್ಲಿ ಕೈಕೆಲಸವೇ ಪರಸ್ಪರ ಪರಿಚಯಕ್ಕೆ ಸುಲಭ ಸಾಧನವಾಗುತ್ತದೆ.

6. ಬೈಲಕುಪ್ಪೆ: ಮೈಸೂರು ಜಿಲ್ಲೆಯ ಈ ಟಿಬೆಟಿಯನ್ ನೆಲೆಯಲ್ಲಿರುವ ನಾಮ್‌ಡ್ರೋಲಿಂಗ್ ಮಠವು ಬೌದ್ಧ ವಿದ್ಯಾರ್ಥಿಗಳಿಗೆ, ವಿಶೇಷವಾಗಿ ಭೂತಾನ್ ಮತ್ತು ನೇಪಾಳದವರಿಗೆ, ಆತ್ಮೀಯವೆನಿಸುತ್ತದೆ. ಆದರೆ ವಿದೇಶೀಯರು ಈ ನೆಲೆಯಲ್ಲಿ ತಂಗಲು ಕೇಂದ್ರ ಗೃಹ ಮಂತ್ರಾಲಯದ ಪೂರ್ವಾನುಮತಿ ಪತ್ರ ಅಗತ್ಯ. ಅನುಮತಿ ದೊರೆಯಲು ಕಾಲಾವಕಾಶ ಬೇಕಾಗುವುದರಿಂದ ಇಲ್ಲಿ ರಾತ್ರಿ ವಾಸ್ತವ್ಯವನ್ನು ಯೋಜಿಸದಿರುವುದು ಲೇಸು.

ಕರಾವಳಿಯ ವಿದ್ಯಾಸಂಸ್ಥೆಗಳವರು ಯಕ್ಷಗಾನ ಪ್ರದರ್ಶನಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯಬಹುದು. ಮೇಳಗಳ ತಿರುಗಾಟವು ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ತಿಂಗಳವರೆಗೆ ನಡೆಯುತ್ತದೆ. ಇಡೀ ರಾತ್ರಿಯ ಆಟಕ್ಕಿಂತ ಕಾಲಮಿತಿಯ ಪ್ರದರ್ಶನವು ಹೊಸಬರಿಗೆ ಹಿತಕರ. ಪ್ರಸಂಗದ ಕಥೆಯನ್ನು ಹಿಂದಿನ ದಿನವೇ ಹೇಳಿರಬೇಕು.

ವೆಚ್ಚದ ಹಂಚಿಕೆ

ಸಂರಕ್ಷಿತ ಸ್ಮಾರಕಗಳ ಪ್ರವೇಶ ಶುಲ್ಕದ ವಿಚಾರದಲ್ಲಿ ಮುಂಜಾಗ್ರತೆ ಅವಶ್ಯಕ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 2018ರಲ್ಲಿ ಪರಿಷ್ಕರಿಸಿದ ದರಗಳಂತೆ ಹಂಪಿಯಂತಹ ವಿಶ್ವ ಪರಂಪರೆಯ ತಾಣದಲ್ಲಿ ಭಾರತೀಯರಿಗೆ 40 ರೂಪಾಯಿ ಹಾಗೂ ವಿದೇಶೀಯರಿಗೆ 600 ರೂಪಾಯಿ ನಿಗದಿಯಾಯಿತು. ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶಗಳ ಪ್ರಜೆಗಳಿಗೆ ಭಾರತೀಯರ ದರವೇ ಅನ್ವಯಿಸುತ್ತದೆ. ಅಂದರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಅಫ್ಘಾನಿಸ್ತಾನಗಳ ವಿದ್ಯಾರ್ಥಿಗಳು ಪಾಸ್‌ಪೋರ್ಟ್ ಅಥವಾ ಗುರುತಿನ ಪತ್ರ ತೋರಿಸಿ ಕಡಿಮೆ ದರದಲ್ಲಿ ಪ್ರವೇಶ ಪಡೆಯುತ್ತಾರೆ. ಸುಡಾನ್ ಅಥವಾ ಯೆಮನ್ ದೇಶದ ಸಹಪಾಠಿಯು ಅದೇ ಸರದಿಯಲ್ಲಿ ನಿಂತು ಹದಿನೈದು ಪಟ್ಟು ಶುಲ್ಕ ತೆರಬೇಕಾಗುತ್ತದೆ. ಸಾಮಾನ್ಯ ಕುಟುಂಬಗಳಿಂದ ಬಂದ ವಿದ್ಯಾರ್ಥಿಗಳು ಈ ಕಾರಣದಿಂದಲೇ ಹೊರಗೆ ಉಳಿದುಬಿಡುವುದುಂಟು.

ಇದಕ್ಕೆ ಪರಿಹಾರ ಸರಳ. ಶುಲ್ಕವನ್ನು ಸ್ಥಳದಲ್ಲಿ ಬೇರೆಬೇರೆಯಾಗಿ ವಸೂಲು ಮಾಡದೆ, ಪ್ರವಾಸದ ಒಟ್ಟು ವೆಚ್ಚದಲ್ಲಿ ಸೇರಿಸಿ ಸಮನಾಗಿ ಹಂಚಬೇಕು. ಉದಾಹರಣೆಗೆ 40 ಮಂದಿಯ ತಂಡದಲ್ಲಿ 30 ಮಂದಿಗೆ 40 ರೂಪಾಯಿಯಂತೆ 1,200 ರೂಪಾಯಿ, 10 ಮಂದಿಗೆ 600 ರೂಪಾಯಿಯಂತೆ 6,000 ರೂಪಾಯಿ, ಒಟ್ಟು 7,200 ರೂಪಾಯಿ ಆಗುತ್ತದೆ. ಸಮನಾಗಿ ಹಂಚಿದಲ್ಲಿ ತಲಾ 180 ರೂಪಾಯಿ. ವಿದ್ಯಾಸಂಸ್ಥೆಯೇ ಹೆಚ್ಚುವರಿ ಮೊತ್ತವನ್ನು ಭರಿಸಿದರೆ ಇನ್ನೂ ಉತ್ತಮ. ಟಿಕೆಟ್‌ಗಳನ್ನು ಒಬ್ಬರೇ ಒಟ್ಟಾಗಿ ಪಡೆದು ತರುವುದರಿಂದ ಯಾರೂ ಮುಜುಗರಕ್ಕೆ ಒಳಗಾಗುವುದಿಲ್ಲ. ಪ್ರಚಲಿತ ದರಗಳನ್ನು ಹೊರಡುವ ಮುನ್ನ ಖಚಿತಪಡಿಸಿಕೊಳ್ಳತಕ್ಕದ್ದು.

ದಾಖಲೆಗಳು

• 180 ದಿನಗಳಿಗಿಂತ ಹೆಚ್ಚಿನ ಅವಧಿಯ ವಿದ್ಯಾರ್ಥಿ ವೀಸಾ ಹೊಂದಿರುವವರು ಭಾರತಕ್ಕೆ ಬಂದ 14 ದಿನಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ಪೂರ್ಣಗೊಂಡ ನಂತರವೇ ದೂರದ ಪ್ರವಾಸ ಕೈಗೊಳ್ಳುವುದು ಸೂಕ್ತ.
• ಪ್ರತಿಯೊಬ್ಬ ವಿದೇಶಿ ವಿದ್ಯಾರ್ಥಿಯು ಪಾಸ್‌ಪೋರ್ಟ್, ವೀಸಾ ಹಾಗೂ ನೋಂದಣಿ ಪತ್ರಗಳನ್ನು ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಪ್ರತಿಗಳು ತಂಡದ ಮುಖ್ಯಸ್ಥರ ಬಳಿಯೂ ಇರಬೇಕು.
• ನೇಪಾಳ ಮತ್ತು ಭೂತಾನ್ ಪ್ರಜೆಗಳಿಗೆ ವೀಸಾ ಅಗತ್ಯವಿಲ್ಲ. ಆದಾಗ್ಯೂ ಗುರುತಿನ ದಾಖಲೆ ಅವಶ್ಯಕ.
• ವಸತಿಗೃಹದವರು ವಿದೇಶಿ ಅತಿಥಿಗಳ ವಿವರಗಳನ್ನು 24 ಗಂಟೆಗಳೊಳಗೆ ಸಂಬಂಧಪಟ್ಟ ಅಧಿಕಾರಿಗೆ ಸಲ್ಲಿಸಬೇಕಾಗುತ್ತದೆ. ಈ ಕ್ರಮದ ಅರಿವಿಲ್ಲದ ಸಣ್ಣ ವಸತಿಗೃಹಗಳು ರಾತ್ರಿ ವೇಳೆಯಲ್ಲಿ ಕೊಠಡಿ ನಿರಾಕರಿಸುವ ಸಾಧ್ಯತೆಯಿರುವುದರಿಂದ, ತಂಡದಲ್ಲಿ ವಿದೇಶೀಯರಿರುವ ಸಂಗತಿಯನ್ನು ಮುಂಗಡ ಕಾಯ್ದಿರಿಸುವಾಗಲೇ ತಿಳಿಸಬೇಕು.

ಆಹಾರ, ಉಡುಪು ಮತ್ತು ಆಚರಣೆಗಳು

ತಂಡದಲ್ಲಿ ಯಾರು ಯಾವ ಆಹಾರವನ್ನು ಸೇವಿಸುವುದಿಲ್ಲ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಖಾರದ ವಿಷಯವನ್ನೂ ಮರೆಯಬಾರದು. ರಂಜಾನ್ ಉಪವಾಸದ ದಿನಗಳಲ್ಲಿ ಬಿಸಿಲಿನ ಪ್ರವಾಸವನ್ನು ಏರ್ಪಡಿಸಬಾರದು. ಶುಕ್ರವಾರವಾದಲ್ಲಿ ಮಧ್ಯಾಹ್ನದ ಪ್ರಾರ್ಥನೆಗೆ ಸಮಯ ನೀಡಬೇಕು. ಹಂಪಿ ಸಮೀಪದ ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಿರುವುದನ್ನೂ ಇಲ್ಲಿ ನೆನೆಯಬಹುದು.

ದೇವಾಲಯ, ಮಸೀದಿ ಹಾಗೂ ಮಠಗಳಲ್ಲಿ ಪಾದರಕ್ಷೆ ತೆಗೆಯುವುದು, ಕರಾವಳಿಯ ಕೆಲವು ದೇವಾಲಯಗಳಲ್ಲಿ ಪುರುಷರು ಮೇಲಂಗಿ ತೆಗೆಯುವುದು, ಗರ್ಭಗುಡಿಯಲ್ಲಿ ಛಾಯಾಚಿತ್ರ ತೆಗೆಯದಿರುವುದು ಮೊದಲಾದ ನಿಯಮಗಳನ್ನು ಕಾರಣಸಹಿತ ವಿವರಿಸಬೇಕು. ಪೂಜೆಯಲ್ಲಿ ಭಾಗವಹಿಸಲು ಇಚ್ಛಿಸದವರು ಹೊರಗೆ ಉಳಿಯುವುದಕ್ಕೆ ಸಂಪೂರ್ಣ ಸ್ವಾತಂತ್ರ್ಯವಿರಬೇಕು.

ಸುರಕ್ಷತೆ

ವಿದ್ಯಾರ್ಥಿ ಪ್ರವಾಸಗಳಲ್ಲಿ ನೀರಿನ ಅಪಾಯವು ಅತಿ ಗಂಭೀರವಾದುದು. ಕಾವೇರಿಯ ಮೇಕೆದಾಟು, ತಲಕಾಡು, ಬಲಮುರಿ ಮೊದಲಾದ ತಾಣಗಳಲ್ಲಿ ನೀರು ಮೇಲ್ನೋಟಕ್ಕೆ ಶಾಂತವಾಗಿದ್ದರೂ ಸುಳಿ ಹಾಗೂ ಬಂಡೆಗಳ ಜಾರಿಕೆಯಿಂದ ಅಪಾಯಕಾರಿ. ಕನ್ನಡದಲ್ಲಿ ಬರೆದ ಎಚ್ಚರಿಕೆ ಫಲಕವನ್ನು ವಿದೇಶಿ ವಿದ್ಯಾರ್ಥಿಯು ಓದಲಾರನೆಂಬುದನ್ನು ಮುಖ್ಯಸ್ಥರು ಸದಾ ನೆನಪಿನಲ್ಲಿಡಬೇಕು. ಮಳೆಗಾಲದಲ್ಲಿ ಸಮುದ್ರ ಸ್ನಾನವನ್ನು ಪೂರ್ಣವಾಗಿ ವರ್ಜಿಸಬೇಕು. ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್ ಸೇವೆಗೆ 108 ಸಂಖ್ಯೆಗೆ ಕರೆ ಮಾಡಬಹುದು.

ಒಡನಾಟಕ್ಕೆ ಅವಕಾಶ

ಬಸ್ಸಿನಲ್ಲಿ ಒಂದೇ ದೇಶದವರು ಒಂದೆಡೆ ಕುಳಿತುಕೊಳ್ಳುವುದು ಸಹಜ. ಹೊರಡುವಾಗಲೇ ಒಬ್ಬ ವಿದೇಶಿ ಹಾಗೂ ಒಬ್ಬ ಸ್ಥಳೀಯ ವಿದ್ಯಾರ್ಥಿಯ ಜೋಡಿಗಳನ್ನು ಮಾಡಿದಲ್ಲಿ ಈ ವಿಂಗಡಣೆ ಕರಗುತ್ತದೆ. ಊಟ ಆಯಿತೇ, ಎಷ್ಟು, ಎಲ್ಲಿ, ಸಾಕು, ಬೇಕು, ಧನ್ಯವಾದ ಎಂಬಂತಹ ಹತ್ತಿಪ್ಪತ್ತು ಕನ್ನಡ ಪದಗಳನ್ನು ಪ್ರಯಾಣದಲ್ಲಿಯೇ ಕಲಿಸಬಹುದು. ಪ್ರತಿಯಾಗಿ ಅವರ ಭಾಷೆಯ ಅಷ್ಟೇ ಪದಗಳನ್ನು ಸ್ಥಳೀಯರು ಕಲಿಯಬೇಕು. ಕಲಿಯುವ ಹೊಣೆ ಒಂದು ಕಡೆಗೆ ಮಾತ್ರ ಸೀಮಿತವಾಗಬಾರದು.

ಹಾದಿಯಲ್ಲಿ ಸಹಪಾಠಿಯೊಬ್ಬರ ಊರಿದ್ದು, ಅವರ ಮನೆಯವರು ಒಪ್ಪಿದಲ್ಲಿ, ಒಂದು ಹೊತ್ತಿನ ಊಟ ಅಥವಾ ಕಾಫಿಗೆ ಅಲ್ಲಿ ನಿಲ್ಲುವುದು ಅತ್ಯಂತ ಫಲಕಾರಿ. ಸ್ಮಾರಕಗಳ ವಿವರಗಳು ಕಾಲಕ್ರಮೇಣ ಮರೆತುಹೋಗಬಹುದು. ಮನೆಯ ಜಗಲಿಯಲ್ಲಿ ಕೂರಿಸಿ ಬಡಿಸಿದ ಊಟ ಮರೆತುಹೋಗುವುದಿಲ್ಲ.

ಉಪಸಂಹಾರ

ಇಲ್ಲಿ ವ್ಯಾಸಂಗ ಮುಗಿಸಿದ ವಿದ್ಯಾರ್ಥಿಗಳು ತಮ್ಮ ದೇಶಗಳಲ್ಲಿ ವೈದ್ಯರಾಗಿ, ಅಧ್ಯಾಪಕರಾಗಿ, ಅಧಿಕಾರಿಗಳಾಗಿ ಕರ್ನಾಟಕದ ಬಗ್ಗೆ ಮಾತನಾಡುವವರು. ಆರು ಶತಮಾನಗಳ ಹಿಂದೆ ಅಬ್ದುರ್ ರಜಾಕ್ ಈ ನಾಡಿನಲ್ಲಿ ಕಂಡದ್ದನ್ನು ಬರೆದಿಟ್ಟಂತೆ ಇವರೂ ತಾವು ಕಂಡದ್ದನ್ನೇ ಹೇಳುವರು. ಅವರಿಗೆ ಏನನ್ನು ಕಾಣಿಸಬೇಕು, ಯಾರೊಡನೆ ಕಾಣಿಸಬೇಕು ಎಂಬುದು ವಿದ್ಯಾಸಂಸ್ಥೆಗಳ, ಸಹಪಾಠಿಗಳ ಹಾಗೂ ಸಾರ್ವಜನಿಕರ ಕೈಯಲ್ಲಿದೆ. ವರ್ಷಕ್ಕೆ ಕನಿಷ್ಠ ಎರಡು ಬಾರಿಯಾದರೂ ಇಂತಹ ಪ್ರವಾಸಗಳನ್ನು ಏರ್ಪಡಿಸಿ, ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಆದ್ಯತೆ ನೀಡುವುದು ಅಪೇಕ್ಷಣೀಯ.