ಬಾಕ್ಸ್ ಸರಿ, ಪ್ರೊಜೆಕ್ಟರ್ ಸರಿ, ಚಿತ್ರ ಮಾತ್ರ ಇಲ್ಲ

ಕೇಬಲ್ ಟಿವಿ ಪೂರ್ತಿ ಡಿಜಿಟಲ್ ಆಗಲು 2017ರ ಮಾರ್ಚ್ 31 ಕೊನೆಯ ಗಡುವಾಗಿತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗಗಳಲ್ಲೂ ಸೆಟ್‌ಟಾಪ್ ಬಾಕ್ಸ್ ಈಗ ಹೊಸತಲ್ಲ. ಅಥಣಿಯಲ್ಲೋ ಕಾಗವಾಡದಲ್ಲೋ ನಿಮ್ಮ ಶಾಲೆಯ ಹಳೆಯ ಪ್ರೊಜೆಕ್ಟರಿಗೆ ಎಚ್‌ಡಿ ಬಾಕ್ಸನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದಿರಿ ಎನ್ನಿ. ಪರದೆ ಕಪ್ಪು! ಹಳದಿ ತಂತಿಯಲ್ಲಿ ಅದೇ ಚಾನೆಲ್ ಮೂಡುತ್ತದೆ.

ಇದು ಬಹುಮಟ್ಟಿಗೆ ಎಚ್‌ಡಿಸಿಪಿ ಎಂಬ ನಕಲು ತಡೆಯ ಕೆಲಸ. ಅದರ ಮೊದಲ ಆವೃತ್ತಿಯಲ್ಲಿ ಪ್ರತಿ ಉಪಕರಣಕ್ಕೂ 56 ಬಿಟ್‌ಗಳ 40 ಗುಪ್ತ ಕೀಲಿಗಳು. ಜೊತೆಗೆ 20 ಸೊನ್ನೆ, 20 ಒಂದುಗಳಿರುವ ಬಹಿರಂಗ ಸಂಖ್ಯೆ. ಎರಡು ಉಪಕರಣಗಳು ಈ ಸಂಖ್ಯೆಗಳನ್ನು ವಿನಿಮಯ ಮಾಡಿಕೊಂಡು, ಎದುರಿನದರಲ್ಲಿ ಒಂದು ಇರುವ ಸ್ಥಾನಗಳ ತಮ್ಮ ಕೀಲಿಗಳನ್ನು ಕೂಡುತ್ತವೆ. ಮೊತ್ತ ತಂತಿಯಲ್ಲಿ ಹರಿಯುವುದಿಲ್ಲ. ಅದರಿಂದ ಪಡೆದ ಉತ್ತರವನ್ನಷ್ಟೇ ತಾಳೆ ನೋಡಲಾಗುತ್ತದೆ. ಕೀಲಿಯೇ ಇಲ್ಲದ ಹಳೆಯ ಪ್ರೊಜೆಕ್ಟರ್ ಏನು ಉತ್ತರಿಸೀತು?

ಈ ಕೀಲಿಗಳ ಮೂಲ ಕೋಷ್ಟಕ 2010ರಲ್ಲೇ ಬಯಲಾಯಿತು. ಕಳ್ಳನಿಗೆ ದಾರಿ ಸಿಕ್ಕಿತು, ಬೀಗ ಮೇಷ್ಟ್ರಿಗೆ ಉಳಿಯಿತು! ಪ್ರೊಜೆಕ್ಟರ್ ಮೂಲೆಗೆ ಹಾಕುವ ಮೊದಲು ಹಳದಿ ತಂತಿ ಬಳಸಿ ನೋಡಿ. ಸ್ಪಷ್ಟತೆ 576 ಗೆರೆಗಳಿಗೆ ಇಳಿದರೂ ಪಾಠಕ್ಕೆ ಸಾಕು.