ಕಾಕಾನ ಗಿಟಾರು, ಕೊಪ್ಪಳದ ಬಿಸಿಲು: ಹಳೆ ಫ್ರೆಟ್‌ಬೋರ್ಡ್ ಉಳಿಸಿಕೊಳ್ಳೋದು ಹೇಗೆ?

[ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.]

ಮೊದಲು ಒಂದು ಸದ್ದು ಕೇಳಿ.

[ಗಿಟಾರ್ ತಂತಿ ಮೀಟಿದ ಸದ್ದು. ಸ್ವರದ ಜೊತೆಗೇ ಜಿರ್ ಎನ್ನುವ ಕಂಪನ]

ಆ 'ಜಿರ್' ಕೇಳಿಸ್ತಾ? ಇವತ್ತಿನ ಸಂಚಿಕೆ ಪೂರ್ತಿ ಅದರ ಬಗ್ಗೆನೇ. ಈ ಎಲೆಕ್ಟ್ರಿಕ್ ಗಿಟಾರ್ ನಮ್ಮ ಕಾಕಾಂದು. ಗಂಗಾವತಿ ಸೀಮೆಯ ಜಾತ್ರೆ, ಗಣಪತಿ ಪೆಂಡಾಲು, ರಸಮಂಜರಿ ಅಂತ ಇಪ್ಪತ್ತು ವರ್ಷ ದುಡಿದದ್ದು. ಮುಂಬೈಯಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು. ತಲೆ ಮೇಲಿನ ಹೆಸರು ಅಳಿಸಿ ಹೋಗಿದೆ. ಜಪಾನ್‌ದು ಅಂತ ಕಾಕಾ ಹೇಳ್ತಾರೆ, ನಾನು ವಾದ ಮಾಡಕ್ಕೆ ಹೋಗಿಲ್ಲ. ತಂಡಕ್ಕೆ ಕೀಬೋರ್ಡ್ ಬಂತು, ಗಿಟಾರ್ ಅಟ್ಟ ಸೇರಿತು. ಹೋದ ಬೇಸಿಗೆಯಲ್ಲಿ ಕೆಳಗಿಳಿಸಿ ನೋಡಿದ್ರೆ ಬೆರಳೊತ್ತುವ ಹಲಗೆ, ಅಂದ್ರೆ ಫ್ರೆಟ್‌ಬೋರ್ಡ್, ಕಪ್ಪಗೆ ಜಿಡ್ಡುಗಟ್ಟಿತ್ತು. ಅಂಚಿಗೆ ಕೈ ಸವರಿದ್ರೆ ಗರಗಸ ಮುಟ್ಟಿದ ಹಾಗೆ ಚುಚ್ತಿತ್ತು. ಮೊದಲ ಮೂರು ಮನೆಗಳಲ್ಲಿ ಮರವೇ ಸವೆದು ಗುಳಿ ಬಿದ್ದಿತ್ತು.

ಪರಿಚಯದ ಬಡಗಿ ಒಬ್ರು, "ಕೊಡ್ರಿ, ಪೇಪರ್ ಹೊಡೆದು ಪಾಲಿಶ್ ಮಾಡಿ ಕೊಡ್ತೀನಿ, ಹೊಸಾದ್ರ ಹಂಗ ಆಗ್ತದ" ಅಂದ್ರು. ಒಳ್ಳೆ ಮನಸ್ಸಿಂದನೇ ಅಂದಿದ್ದು. ಆದ್ರೆ ಹಳೆ ಗಿಟಾರ್‌ಗಳು ಹಾಳಾಗೋದು ಬಹುತೇಕ ಇಲ್ಲೇ. ಕೊಳೆ ತೆಗೆದ್ರೆ ಮತ್ತೆ ಕೂರುತ್ತೆ, ಅಡ್ಡಿ ಇಲ್ಲ. ಮರ ತೆಗೆದ್ರೆ ಅದು ವಾಪಸ್ ಬರಲ್ಲ.

ಯಾಕೆ ಅಂತ ತಿಳಿಯೋಕೆ ವೀಣೆ ನೆನಪು ಮಾಡ್ಕೊಳ್ಳಿ. ವೀಣೆಯ 24 ಮೆಟ್ಟುಗಳು ಕೂತಿರೋದು ಮೇಣದ ಮೇಲೆ. ಮೇಣ ಸಡಿಲ ಆದ್ರೆ ಕರಗಿಸಿ, ಹೊಸದಾಗಿ ಕಟ್ಟಿ, ಮೆಟ್ಟುಗಳನ್ನ ಸ್ವರಕ್ಕೆ ಸರಿಯಾಗಿ ಮತ್ತೆ ಕೂರಿಸ್ತಾರೆ. ಅಂದ್ರೆ ಆಗಾಗ ಬಿಚ್ಚಿ ಕಟ್ಟೋಕೆ ಅಂತಾನೇ ಮಾಡಿದ ವಾದ್ಯ. ಗಿಟಾರ್ ಹಾಗಲ್ಲ. ಮರದಲ್ಲೇ ಸಣ್ಣ ಸೀಳು ಕೊಯ್ದು, ಅದರೊಳಗೆ ಲೋಹದ ಫ್ರೆಟ್ ಬಡಿದು ಕೂರಿಸಿರ್ತಾರೆ. ಮೇಲಾಗಿ ಹಲಗೆ ನೋಡೋಕೆ ಚಪ್ಪಟೆ ಅನ್ಸಿದ್ರೂ ಅಡ್ಡಡ್ಡ ಸಣ್ಣಗೆ ಬಾಗಿರುತ್ತೆ. ಹಳೆ ಫೆಂಡರ್‌ಗಳಲ್ಲಿ ಆ ಬಾಗು 7¼ ಇಂಚು ತ್ರಿಜ್ಯದ ವೃತ್ತದ ತುಣುಕು, ಗಿಬ್ಸನ್‌ಗಳಲ್ಲಿ 12 ಇಂಚಿಂದು. ಬರೀ ಕೈಯಲ್ಲಿ ಸ್ಯಾಂಡ್‌ ಪೇಪರ್ ಉಜ್ಜಿದ್ರೆ ಅಂಚು ಜಾಸ್ತಿ ಸವೆಯುತ್ತೆ, ಬಾಗು ಕೆಡುತ್ತೆ, ಸೀಳಿನ ಆಳ ಕಮ್ಮಿ ಆಗುತ್ತೆ. 1960ರ ದಶಕದ ಎಷ್ಟೋ ಫೆಂಡರ್‌ಗಳಲ್ಲಿ ಮೇಲಿನ ಬೀಟೆ ಪದರವೇ ತೀರಾ ತೆಳು. ಒಂದೆರಡು ಸಲ ಉಜ್ಜಿದ್ರೆ ಮುಗೀತು.

ಬೀಟೆ ಅಂದೆ ಅಲ್ವಾ? ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಗಿಟಾರ್‌ನವರು ರೋಸ್‌ವುಡ್ ಅನ್ನೋ ಮರಗಳಲ್ಲಿ ಒಂದು, ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ನಮ್ಮ ಪಶ್ಚಿಮ ಘಟ್ಟದ ಬೀಟೆ. ಮೈಸೂರಿನ ಇನ್‌ಲೇ ಕೆಲಸ ಮಾಡೋದು ಇದೇ ಮರದ ಮೇಲೆ. ಮೊದಲು ಅಮೆರಿಕದ ಕಂಪನಿಗಳು ಬ್ರೆಜಿಲ್‌ನ ರೋಸ್‌ವುಡ್ ಬಳಸ್ತಿದ್ವು. 1960ರ ದಶಕದಲ್ಲಿ ಆ ಮರ ಸಿಗೋದು ಕಷ್ಟವಾಗಿ ಭಾರತದ ಬೀಟೆ ಕಡೆ ತಿರುಗಿದ್ವು. ಮಾರ್ಟಿನ್ ಕಂಪನಿ ಬದಲಾಯಿಸಿದ್ದು 1969ರಲ್ಲಿ. ಬ್ರೆಜಿಲ್ ಮರಕ್ಕೆ 1992ರಲ್ಲಿ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಅತ್ಯಂತ ಕಠಿಣ ಪಟ್ಟಿ ಸಿಕ್ತು. 2017ರ ಜನವರಿ 2ರಿಂದ ನಮ್ಮ ಬೀಟೆಯೂ ಸೇರಿ ಆ ಇಡೀ ಕುಲಕ್ಕೆ ನಿಯಂತ್ರಣ ಬಂತು. ಗಿಟಾರ್ ಹೊತ್ತು ದೇಶ ದಾಟೋ ಕಲಾವಿದರಿಗೆ ಕಾಗದ ಪತ್ರದ ತಲೆನೋವು ಶುರುವಾಯ್ತು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ಮಾತ್ರ ವಿನಾಯಿತಿ ಕೊಟ್ರು. ನಮ್ಮಲ್ಲಂತೂ ಬೀಟೆ ಮರ ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು. ಹಾಗಾಗಿ ಹಳೆ ಗಿಟಾರ್ ಮೇಲಿರೋ ಒಳ್ಳೆ ಬೀಟೆ ಹಲಗೆ ಕಿತ್ತೆಸೆದು ಬೇರೆ ಹಾಕಿಸ್ತೀನಿ ಅನ್ನೋದು ಸಲೀಸಿನ ಮಾತಲ್ಲ.

ಈಗ ಕೆಲಸಕ್ಕೆ ಬರೋಣ. ನಾನು ಮೊದಲು ಮಾಡಿದ್ದು ಏನೂ ಮಾಡದೇ ಇದ್ದಿದ್ದು.

ಅಂಚಲ್ಲಿ ಚುಚ್ತಿದ್ದ ಫ್ರೆಟ್‌ಗಳನ್ನ ನೋಡಿ ಅರ ತಗೊಂಡು ಉಜ್ಜೋಣ ಅಂತ ಕೈ ತುರಿಸ್ತಿತ್ತು. ಆದ್ರೆ ಫ್ರೆಟ್ ಏನು ಬೆಳೆದಿರಲಿಲ್ಲ, ಮರ ಕುಗ್ಗಿತ್ತು. ಮರ ಒಣಗಿದಾಗ ಎಳೆಯ ಉದ್ದಕ್ಕೆ ಹೆಚ್ಚು ಕಮ್ಮಿ ಹಾಗೇ ಇರುತ್ತೆ, ಅಡ್ಡಕ್ಕೆ ಕುಗ್ಗುತ್ತೆ. ಲೋಹ ಇದ್ದಷ್ಟೇ ಇರುತ್ತೆ, ತುದಿ ಹೊರಗೆ ಬರುತ್ತೆ. ಗಿಟಾರ್‌ಗೆ ಹಿತವಾದ ತೇವಾಂಶ ಶೇ 45ರಿಂದ 55. ನಮ್ಮ ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟಿದಾಗ, ತಗಡಿನ ಮನೆಯ ಅಟ್ಟದಲ್ಲಿ ಅಷ್ಟು ತೇವ ಎಲ್ಲಿಂದ ಬರಬೇಕು? ಅದೇ ಗಿಟಾರ್ ಗಂಗಾವತಿಯ ಕಾಲುವೆ ಬದಿಯ ಭತ್ತದ ಊರಲ್ಲಿ ಒಂದು ರಾತ್ರಿ, ಕುಷ್ಟಗಿ, ಯಲಬುರ್ಗಾದ ಎರೆಹೊಲದ ಗಾಳಿಯಲ್ಲಿ ಇನ್ನೊಂದು ರಾತ್ರಿ ಅಂತ ತಿರುಗಿದ್ದು. ಹಿಗ್ಗೋದು ಕುಗ್ಗೋದು ಅದಕ್ಕೆ ಮಾಮೂಲಾಗಿತ್ತು.

ಹಾಗಾಗಿ ಒಂದು ಸೋಪಿನ ಡಬ್ಬಿಗೆ ತೂತು ಮಾಡಿ, ಒಳಗೆ ಹಿಂಡಿದ ಒದ್ದೆ ಸ್ಪಂಜ್ ಇಟ್ಟು, ಗಿಟಾರ್ ಪೆಟ್ಟಿಗೆಯಲ್ಲಿ ಗಿಟಾರ್ ಜೊತೆಗೇ ಹಾಕಿ ಮುಚ್ಚಿದೆ. ಸ್ಪಂಜ್‌ನಿಂದ ನೀರು ತೊಟ್ಟಿಕ್ಕಬಾರದು, ಮರಕ್ಕೆ ತಾಗಬಾರದು. ಮೂರು ವಾರ, ದಿನ ಬಿಟ್ಟು ದಿನ ನೋಡ್ತಾ ಇದ್ದೆ. ಚುಚ್ಚೋದು ಮುಕ್ಕಾಲು ಪಾಲು ತಾನಾಗೇ ಹೋಯ್ತು. ಏರ್ ಕೂಲರ್ ಮುಂದೆ ಇಟ್ರೆ ಬೇಗ ಆಗುತ್ತಲ್ಲ ಅಂತ ಯೋಚಿಸ್ಬೇಡಿ. ಕರೆಂಟ್ ಹೋದ ತಕ್ಷಣ ಮತ್ತೆ ಒಣ ಗಾಳಿ, ಈ ಏರಿಳಿತವೇ ಮರಕ್ಕೆ ಶತ್ರು.

ಆಮೇಲೆ ನೆಕ್ ನೋಡಿದೆ. ಮೊದಲ ಫ್ರೆಟ್ ಮತ್ತು ಕೊನೆ ಫ್ರೆಟ್ ಹತ್ರ ಒಂದೇ ತಂತಿಯನ್ನ ಒತ್ತಿ ಹಿಡಿದ್ರೆ, ನಡುವೆ ತಂತಿಗೂ ಫ್ರೆಟ್‌ಗೂ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಕಾಕಾನ ಗಿಟಾರ್‌ನಲ್ಲಿ ಸಂದೇ ಇರಲಿಲ್ಲ, ನೆಕ್ ಹಿಂದಕ್ಕೆ ಬಾಗಿತ್ತು. ಒಳಗೆ ಟ್ರಸ್ ರಾಡ್ ಅಂತ ಒಂದು ಸರಳು ಇರುತ್ತೆ. ಅದನ್ನ ಕಾಲು ಸುತ್ತು ಸಡಿಲ ಮಾಡಿ ಒಂದು ದಿನ ಬಿಟ್ಟೆ. ನೀವು ಶುರುವಲ್ಲಿ ಕೇಳಿದ 'ಜಿರ್' ಇತ್ತಲ್ಲ, ಅದರಲ್ಲಿ ಅರ್ಧ ಅಲ್ಲೇ ಹೋಯ್ತು. ಇನ್ನೂ ಒಂದು ಕೂದಲೆಳೆಯಷ್ಟು ಮರವನ್ನಾಗಲಿ ಲೋಹವನ್ನಾಗಲಿ ತೆಗೆದಿರಲಿಲ್ಲ. ರಾಡ್ ಬಿಗಿ ಅನ್ಸಿದ್ರೆ ಬಲ ಹಾಕ್ಬೇಡಿ, ಮುರಿದ್ರೆ ಹಲಗೆಯನ್ನೇ ಎಬ್ಬಿಸಬೇಕಾಗುತ್ತೆ.

ಇನ್ನು ಕೊಳೆ. ಇದರಲ್ಲಿ ನನ್ನದೇ ಒಂದು ಪಾಪ ಇದೆ. ಹೈಸ್ಕೂಲಲ್ಲಿದ್ದಾಗ ಹಲಗೆ ಮಿಂಚಲಿ ಅಂತ ಅವ್ವನ ಕೊಬ್ಬರಿ ಎಣ್ಣೆ ಹಚ್ಚಿದ್ದೆ! ಎರಡು ದಿನ ಮಿಂಚಿತು. ಆಮೇಲೆ ಧೂಳೆಲ್ಲ ಕುಡಿದು ಅಂಟಾಯ್ತು. ಕೊಬ್ಬರಿ, ಶೇಂಗಾ, ಕುಸುಬಿ, ಅಡುಗೆಮನೆಯ ಯಾವ ಎಣ್ಣೆಯೂ ಬೇಡ. ಕಾಲ ಕಳೆದ ಹಾಗೆ ಕಮಟು ವಾಸನೆ ಬರುತ್ತೆ, ಜಿಗುಟಾಗುತ್ತೆ. ಅಗಸಿ ಎಣ್ಣೆ ಒಣಗಿ ಗಟ್ಟಿಯಾಗುತ್ತೆ ನಿಜ, ಕೆಲವು ಗಿಟಾರ್ ಕೆಲಸಗಾರರು ಬಳಸ್ತಾರೆ ಕೂಡ. ಆದ್ರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಬಿಸಾಕಿದ್ರೆ ತಾನಾಗೇ ಕಾದು ಬೆಂಕಿ ಹತ್ತಬಹುದು. ಹಚ್ಚಲೇಬೇಕಂದ್ರೆ ಬಟ್ಟೆ ಬಿಡಿಸಿ ಹರವಿ ಒಣಗಿಸಿ.

ಕೊಳೆ ತೆಗೆಯೋ ಮುಂಚೆ ಹಲಗೆ ಯಾವ ಮರ ಅಂತ ಖಾತ್ರಿ ಮಾಡ್ಕೊಳ್ಳಿ. ಬಿಳಿ ಮೇಪಲ್ ಮೇಲೆ ವಾರ್ನಿಶ್ ಥರದ ಲ್ಯಾಕರ್ ಇದ್ರೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ಬಿಟ್ಬಿಡಿ. ಥಿನ್ನರ್ ತಾಗಿಸಿದ್ರೆ ಲ್ಯಾಕರ್ ಕರಗುತ್ತೆ. ಬೀಟೆಗೆ ಸಾಮಾನ್ಯವಾಗಿ ಮೇಲ್ಪದರ ಇರಲ್ಲ. ಒರೆಸಿದ ಬಟ್ಟೆಗೆ ಕಪ್ಪು ಮಸಿ ಬರ್ತಾನೇ ಇದ್ರೆ, ಅದು ಕೊಳೆ ಅಲ್ಲದೇ ಇರಬಹುದು. ಕಡಿಮೆ ದರದ ಗಿಟಾರ್‌ಗಳಲ್ಲಿ ಬಿಳಿ ಮರಕ್ಕೆ ಬಣ್ಣ ಹಾಕಿ ಕಪ್ಪು ಮಾಡಿರ್ತಾರೆ. ಅಲ್ಲಿಗೆ ನಿಲ್ಲಿಸಿ.

ನಾನು ಮಾಡಿದ್ದು ಇಷ್ಟು: ತಂತಿ ಬಿಚ್ಚಿ, ಪಿಕಪ್‌ಗಳ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿದೆ. ಹಳೆ ಸಿಮ್ ಕಾರ್ಡ್ ಇರ್ತಿದ್ದ ಪ್ಲಾಸ್ಟಿಕ್ ಕಾರ್ಡ್ ಅಂಚಿಂದ ಫ್ರೆಟ್ ಬುಡದ ಗಷ್ಟು ಕೆರೆದೆ. ಪಿನ್ನು, ಬ್ಲೇಡು ಬೇಡ. ಹಳೆ ಟೂತ್‌ಬ್ರಶ್‌ಗೆ ಸ್ವಲ್ಪವೇ ಲೈಟರ್ ಫ್ಲೂಯಿಡ್ ಹಾಕಿ ಎಳೆಯ ಉದ್ದಕ್ಕೆ ಉಜ್ಜಿ, ತಕ್ಷಣ ಬಟ್ಟೆಯಲ್ಲಿ ಒರೆಸಿದೆ. ಕಿಟಕಿ ತೆರೆದಿರಬೇಕು, ಹತ್ತಿರ ದೀಪ, ಊದಿನಕಡ್ಡಿ, ಸಿಗರೇಟು ಯಾವುದೂ ಇರಬಾರದು. ನಾಲ್ಕು ಸುತ್ತು ಆಯ್ತು. ನಾಲ್ಕನೇ ಸುತ್ತಲ್ಲಿ ಕಪ್ಪು ಹೋಗಿ, ನೇರಳೆ ಬೆರೆತ ಕಂದು ಗೆರೆಗಳು ಕಂಡ್ವು. ಬೀಟೆನೇ. ಕಾಕಾ ಪಕ್ಕದಲ್ಲೇ ಕೂತಿದ್ರು. "ಇದರ ಬಣ್ಣ ಹಿಂಗ ಐತೇನಲೇ?" ಅಂದ್ರು. ಇಪ್ಪತ್ತು ವರ್ಷ ಬಾರಿಸಿದವರು!

ಎಣ್ಣೆ ಬೇಕಾದ್ರೆ ಮಿನರಲ್ ಆಯಿಲ್. ಅಂಗಡಿಯಲ್ಲಿ ಫ್ರೆಟ್‌ಬೋರ್ಡ್‌ಗೆ ಅಂತ ಸಿಗೋ ಲೆಮನ್ ಆಯಿಲ್ ಎಷ್ಟೋ ಸಲ ಅದೇ, ಜೊತೆಗೆ ನಿಂಬೆ ವಾಸನೆ. ಕೊಪ್ಪಳದ ಯಾವ ಮೆಡಿಕಲ್ ಶಾಪಲ್ಲಾದ್ರೂ ಲಿಕ್ವಿಡ್ ಪ್ಯಾರಾಫಿನ್ ಕೇಳಿ, ಮಲಬದ್ಧತೆಗೆ ಕೊಡ್ತಾರಲ್ಲ, ಅದು ಶುದ್ಧ ಮಿನರಲ್ ಆಯಿಲ್ಲೇ. ಇಡೀ ಹಲಗೆಗೆ ಏಳೆಂಟು ಹನಿ. ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿ ತೆಗೀರಿ. ವರ್ಷಕ್ಕೆ ಒಂದು ಸಲ ಸಾಕು, ಬಿಸಿಲು ಜಾಸ್ತಿ ಇದ್ರೆ ಎರಡು.

ಫ್ರೆಟ್‌ಗಳ ವಿಷಯ. ಇವು ನಿಕಲ್ ಸಿಲ್ವರ್, ನಮ್ಮಲ್ಲಿ ಜರ್ಮನ್ ಸಿಲ್ವರ್ ಅಂತೀವಲ್ಲ, ಆ ಜಾತಿ: ತಾಮ್ರ, ನಿಕಲ್, ಸತು. ಬೆಳ್ಳಿ ಚೂರೂ ಇಲ್ಲ. ತಂತಿ ತಿಕ್ಕಿ ತಿಕ್ಕಿ ಫ್ರೆಟ್ ತಲೆ ಮೇಲೆ ಗೀರು ಬಿದ್ದಿರುತ್ತೆ. ಎರಡನೇ ಮನೆ ಒತ್ತಿದಾಗ ತಂತಿ ತಗ್ಗಿ ಮೂರನೇ ಫ್ರೆಟ್‌ಗೆ ತಾಗುತ್ತೆ. ಉಳಿದ ಅರ್ಧ 'ಜಿರ್' ಇದೇ. ಗೀರು ಸಣ್ಣದಿದ್ರೆ ಎಲ್ಲ ಫ್ರೆಟ್ ತಲೆಗಳಿಗೂ ಮಾರ್ಕರ್‌ನಿಂದ ಬಣ್ಣ ಹಚ್ಚಿ, ನೇರವಾದ ಪಟ್ಟಿಗೆ ಪೇಪರ್ ಅಂಟಿಸಿ ಹಗುರಾಗಿ ಎಳೀಬೇಕು. ಬಣ್ಣ ಎಲ್ಲಿ ಹೋಯ್ತು ಅಂತ ನೋಡಿದ್ರೆ ಎತ್ತರದ ಫ್ರೆಟ್ ಯಾವುದು ಗೊತ್ತಾಗುತ್ತೆ. ಆಮೇಲೆ ಚಪ್ಪಟೆಯಾದ ತಲೆಯನ್ನ ಅದಕ್ಕೇ ಅಂತ ಇರೋ ಅರದಲ್ಲಿ ಮತ್ತೆ ದುಂಡಗೆ ಮಾಡಬೇಕು. ಮೊದಲ ಸಲ ಮಾಡೋರು ದಯವಿಟ್ಟು ಬೇರೆ ಯಾವುದಾದರೂ ಕೆಟ್ಟ ಗಿಟಾರ್ ಮೇಲೆ ಕಲಿತುಕೊಳ್ಳಿ. ನಾನೂ ಹಾಗೇ ಮಾಡಿದ್ದು.

ಫ್ರೆಟ್ ತೀರಾ ಸವೆದಿದ್ರೆ ಕಿತ್ತು ಹೊಸದು ಹಾಕಬೇಕು. ಮೊಬೈಲ್ ರಿಪೇರಿಯವರ ಸೋಲ್ಡರಿಂಗ್ ಐರನ್‌ನಿಂದ ಫ್ರೆಟ್ ಕಾಯಿಸಿ, ಬಾಯಿ ಚಪ್ಪಟೆ ಇರೋ ಇಕ್ಕಳದಲ್ಲಿ ಒಂದು ತುದಿಯಿಂದ ಮೆಲ್ಲಗೆ ಎಬ್ಬಿಸೋದು. ಅವಸರ ಮಾಡಿದ್ರೆ ಫ್ರೆಟ್ ಬುಡದ ಮುಳ್ಳು ಮರದ ಚಕ್ಕೆ ಎಬ್ಬಿಸುತ್ತೆ. ಹಳೆ ಫೆಂಡರ್‌ಗಳಲ್ಲಿ ಫ್ರೆಟ್‌ಗಳನ್ನ ಪಕ್ಕದಿಂದ ತೂರಿಸಿರ್ತಿದ್ರು. ಮೇಲಕ್ಕೆ ಕಿತ್ತರೆ ಇನ್ನೂ ಜಾಸ್ತಿ ಚಕ್ಕೆ. ಅದನ್ನ ತಿಳಿದವರ ಕೈಗೇ ಕೊಡಿ. ಕಾಕಾನ ಗಿಟಾರ್‌ಗೆ ಆ ಗತಿ ಬರಲಿಲ್ಲ.

ಕೊನೆಗೆ ಉಳಿದದ್ದು ಮೊದಲ ಮೂರು ಮನೆಗಳ ಗುಳಿ. ತುಂಬೋ ವಿಧಾನ ಇದೆ: ಬೀಟೆ ಮರದ ಹೊಟ್ಟನ್ನ ಗುಳಿಗೆ ಒತ್ತಿ ಸೂಪರ್ ಗ್ಲೂ ಬಿಟ್ಟು, ಗಟ್ಟಿಯಾದ ಮೇಲೆ ಸಮ ಮಾಡೋದು. ಇದು ನಮ್ಮ ಜಿಲ್ಲೆಗೇನು ಹೊಸದಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗಳಿಗೆ ಬಳಿಯೋ ಕಿಟ್ಟ ಇದೆಯಲ್ಲ, ಅದರಲ್ಲೂ ಮರದ ಹೊಟ್ಟು, ಜೊತೆಗೆ ಹುಣಸೆ ಅಂಟು. ಆದ್ರೆ ಅಲ್ಲಿ ಕಿಟ್ಟದ ಮೇಲೆ ಬಣ್ಣ ಬರುತ್ತೆ, ಜೋಡಣೆ ಎಲ್ಲ ಮುಚ್ಚಿಹೋಗುತ್ತೆ. ಗಿಟಾರ್ ಹಲಗೆ ಬರಿಮೈಯದ್ದು, ಹಾಕಿದ ತೇಪೆ ಬೇರೆ ಬಣ್ಣದಲ್ಲಿ ಕಾಣ್ತಾನೇ ಇರುತ್ತೆ. ಇನ್ನೊಂದು ಮಾತು: ತಂತಿ ನಿಲ್ಲೋದು ಫ್ರೆಟ್ ಮೇಲೆ, ಗುಳಿಯ ಮೇಲಲ್ಲ. ತುಂಬಾ ಆಳ ಇಲ್ಲದಿದ್ರೆ ಸ್ವರಕ್ಕೆ ಏನೂ ಆಗಲ್ಲ.

ನಾನು ಹೊಟ್ಟು, ಗ್ಲೂ ಎಲ್ಲ ರೆಡಿ ಮಾಡ್ಕೊಂಡಿದ್ದೆ. ಕಾಕಾ ಆ ಗುಳಿಗಳ ಮೇಲೆ ಬೆರಳಿಟ್ಟು ನೋಡಿದ್ರು. ಮೂರು ಬೆರಳೂ ಸರಿಯಾಗಿ ಕೂತ್ವು. "ಇವು ಇರ್ಲಿ ಬಿಡು, ತುಂಬಬ್ಯಾಡ" ಅಂದ್ರು. ಬಿಟ್ಟೆ.

ಹೊಸ ತಂತಿ ಹಾಕಿ ಮೀಟಿದ್ದು ಇದು.

[ಅದೇ ತಂತಿಯ ಸದ್ದು. ಕಂಪನ ಇಲ್ಲ]

ತಗ್ಗಿನ ತುದಿಯ ಮೂರು ಫ್ರೆಟ್ ಇನ್ನೂ ಒಂಚೂರು ಚುಚ್ತಾವೆ. ಅರ ಪೆಟ್ಟಿಗೆಯಲ್ಲೇ ಇದೆ. ಮಳೆಗಾಲ ಒಂದು ಕಳೀಲಿ, ಆಗಲೂ ಚುಚ್ಚಿದ್ರೆ ಅಷ್ಟನ್ನೇ ಉಜ್ಜೋಣ ಅಂತ ಇದೀನಿ.