ಕಡಲು ದಾಟಿ ಬಂದವರ ಪಾಠಶಾಲೆ

ವೇಸಗೆಯ ರಜೆ ಬಂದೊಡನೆ ಶಾಲೆಯ ಜಗಲಿಯಲ್ಲಿ, ದೇವಸ್ಥಾನದ ಸಭಾಭವನದಲ್ಲಿ, ಇಗರ್ಜಿಯ ಅಂಗಳದಲ್ಲಿ ಮಕ್ಕಳ ಶಿಬಿರಗಳು ನಡೆಯುವುದೂ, ಹಾಡು, ಕಥೆ, ಚಿತ್ರಗಳನ್ನು ಕಲಿಸಲು ಊರ ತರುಣ ತರುಣಿಯರು ವೇತನದ ಅಪೇಕ್ಷೆಯಿಲ್ಲದೆ ಮುಂದೆ ಬರುವುದೂ ಕಾಸರಗೋಡಿನ ಸೀಮೆಯಲ್ಲಿ ಈಗ ರೂಢಿಯಾಗಿದೆ. ಪಾಶ್ಚಾತ್ಯ ದೇಶಗಳ ಕ್ರೈಸ್ತ ಸಭೆಗಳಲ್ಲಾದರೋ, ಇಂತಹ ಶಿಬಿರಗಳಲ್ಲಿ ಸೇವೆ ಮಾಡುವುದಕ್ಕೆಂದೇ ಯುವಜನರು ಕೆಲವು ವಾರಗಳ ಮಟ್ಟಿಗೆ ಪರದೇಶಕ್ಕೆ ಪ್ರಯಾಣ ಮಾಡುವ ಪದ್ಧತಿಯಿದೆ. ಅನ್ಯರ ಮಕ್ಕಳಿಗಾಗಿ ಕಡಲು ದಾಟುವ ಈ ಪರಿಪಾಟಿ ನಮ್ಮ ಕರಾವಳಿಗೆ ಹೊಸತಲ್ಲ. ಆದರೆ ಮೊದಲು ಬಂದವರು ವಾರಗಳ ಲೆಕ್ಕದಲ್ಲಿ ಬಂದವರಾಗಿರಲಿಲ್ಲ.

ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ ಸಂಸ್ಥೆಯು, ಬ್ರಿಟಿಷರಲ್ಲದ ಪಾದ್ರಿಗಳಿಗೂ ಹಿಂದೂಸ್ಥಾನದ ಬಾಗಿಲನ್ನು ತೆರೆದ 1833ರ ಸನ್ನದಿನ ತರುವಾಯ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಇತ್ತ ಕಳುಹಿಸಿತು. 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದ ಅವರು ಅದೇ ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು. ಇಂದಿನ ಕಾಸರಗೋಡು ಆಗ ಮಂಗಳೂರಿನಿಂದಲೇ ಆಳಲ್ಪಡುತ್ತಿದ್ದ ಕೆನರಾ ಜಿಲ್ಲೆಯ ಬೇಕಲ ತಾಲೂಕಿಗೆ ಸೇರಿದ್ದಿತು. ಮಂಗಳೂರಿನಲ್ಲಿ 1836ರಲ್ಲಿ ಮಿಷನ್ನಿನ ಕನ್ನಡ ಶಾಲೆಯೂ, ಎರಡು ವರ್ಷಗಳ ಬಳಿಕ ಇಂಗ್ಲಿಷ್ ಶಾಲೆಯೂ ಆರಂಭವಾದವು. ದಕ್ಷಿಣದಲ್ಲಿ ತಲಶ್ಶೇರಿಯ ನೆಟ್ಟೂರಿನಲ್ಲಿ ನೆಲೆಸಿದ, ಅದೇ ಮಿಷನ್ನಿನ ಪಾದ್ರಿ ಹರ್ಮನ್ ಗುಂಡರ್ಟರ ಪತ್ನಿ ಜೂಲಿ ಹೆಣ್ಣುಮಕ್ಕಳಿಗಾಗಿ ವಸತಿಶಾಲೆಯನ್ನು ನಡೆಸಿದರು. ಈ ಎರಡು ಕೇಂದ್ರಗಳ ನಡುವಣ ಹಾದಿಯ ಊರಾದ ಕಾಸರಗೋಡಿನಲ್ಲಿಯೂ ಮಿಷನ್ನಿನ ವಿದ್ಯಾಶಾಲೆ ತಲೆಯೆತ್ತಿತು; ಪಟ್ಟಣದ ಬಿ.ಇ.ಎಂ. (ಬಾಸೆಲ್ ಇವ್ಯಾಂಜೆಲಿಕಲ್ ಮಿಷನ್) ಶಾಲೆ ಇಂದಿಗೂ ಆ ಹೆಸರನ್ನು ಹೊತ್ತಿದೆ.

ಮತಪ್ರಸಾರವೇ ಇವರ ಪರಮೋದ್ದೇಶವಾಗಿದ್ದಿತೆಂಬುದನ್ನು ಮರೆಮಾಚಬೇಕಾದುದಿಲ್ಲ. 1844ರಲ್ಲಿ ಸಾರಸ್ವತ ಕುಲದ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯರು ಕ್ರೈಸ್ತಮತವನ್ನು ಸ್ವೀಕರಿಸಿದಾಗ ಮಂಗಳೂರಿನಲ್ಲಿ ಎದ್ದ ಕೋಲಾಹಲವು, ಮಕ್ಕಳನ್ನು ಒಪ್ಪಿಸಿದ ತಾಯಿತಂದೆಗಳ ಭಯ ಎಷ್ಟು ಆಳವಾದುದೆಂಬುದನ್ನು ತೋರಿಸಿತು. ಆದರೆ ಆ ಉದ್ದೇಶದ ಸಾಧನೆಗಾಗಿ ಅವರು ಹಿಡಿದ ಮಾರ್ಗವು ಉದ್ದೇಶಕ್ಕಿಂತ ದೊಡ್ಡದಾಗಿ ಬೆಳೆಯಿತೆಂಬುದೂ ಅಷ್ಟೇ ಸತ್ಯ. ಮಗುವಿಗೆ ಕಲಿಸಬೇಕೆನ್ನುವವನು ಮೊದಲು ಆ ಮಗುವಿನ ಮಾತನ್ನು ಕಲಿಯತಕ್ಕದ್ದು ಎಂಬುದೇ ಆ ಮಾರ್ಗ. ಗ್ರೈನರರು ತುಳುವನ್ನು ಕಲಿತು ಬೈಬಲಿನ ಹೊಸ ಒಡಂಬಡಿಕೆಯನ್ನು ಆ ಭಾಷೆಗೆ ತಂದರು; ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು; ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರರ ತುಳು ನಿಘಂಟು 1886ರಲ್ಲಿ ಪ್ರಕಟವಾದವು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಬೆಳಕು ಕಂಡಿತು. ಕನ್ನಡ, ತುಳು, ಮಲಯಾಳಗಳು ಒಂದೇ ಅಂಗಳದಲ್ಲಿ ಕೇಳಿಬರುವ ನಮ್ಮ ಜಿಲ್ಲೆಗೆ ಈ ಮೂರು ನಿಘಂಟುಗಳೂ ಮನೆಯ ಸೊತ್ತುಗಳೇ ಸರಿ.

ಈ ಸೇವೆಗೆ ತೆತ್ತ ಬೆಲೆಯನ್ನು ನೆನೆದರೆ ಮನಸ್ಸು ಕಲಕುತ್ತದೆ. ಪಾದ್ರಿಗಳ ಸ್ವಂತ ಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತಾಯಿತಂದೆಗಳನ್ನು ಅಗಲಿ ಯೂರೋಪಿಗೆ ಹೋಗಬೇಕಾಗುತ್ತಿದ್ದಿತು. ಅವರಿಗಾಗಿ ಬಾಸೆಲಿನಲ್ಲಿ ಒಂದು ಮಕ್ಕಳ ಮನೆಯನ್ನೇ ಏರ್ಪಡಿಸಲಾಯಿತು. 1842ರಲ್ಲಿ ತಲಶ್ಶೇರಿಯಲ್ಲಿ ಜನಿಸಿದ ಗುಂಡರ್ಟರ ಮಗಳು ಮೇರಿ, ಊರವರ ಹೆಣ್ಣುಮಕ್ಕಳಿಗೆ ತನ್ನ ತಾಯಿ ಅಕ್ಷರ ಕಲಿಸುತ್ತಿದ್ದ ಕಾಲದಲ್ಲಿ, ಆ ತಾಯಿಯಿಂದ ದೂರವಾಗಿ ಯೂರೋಪಿನಲ್ಲಿ ಬೆಳೆಯುತ್ತಿದ್ದಳು. ಮುಂದೆ ಆಕೆ ಮಂಗಳೂರಿನಲ್ಲಿ ಕೆಲಸ ಮಾಡಿ ಮರಳಿದ್ದ ಯೋಹಾನೆಸ್ ಹೆಸ್ಸೆಯವರನ್ನು ವರಿಸಿದಳು. ಜಗತ್ಪ್ರಸಿದ್ಧ ಸಾಹಿತಿ ಹರ್ಮನ್ ಹೆಸ್ಸೆ ಆಕೆಯ ಮಗ. ಒಂದು ಮನೆಯ ಮಕ್ಕಳಿಗೆ ಸಿಕ್ಕ ವಾತ್ಸಲ್ಯವು ಇನ್ನೊಂದು ಮನೆಯ ಮಕ್ಕಳಿಂದ ಕಡಿದು ತಂದುದೆಂಬುದನ್ನು ಆ ಶಾಲೆಗಳಲ್ಲಿ ಓದಿದವರ ಸಂತತಿ ಕೃತಜ್ಞತೆಯಿಂದ ಸ್ಮರಿಸತಕ್ಕದ್ದು.

1914ರಲ್ಲಿ ಮಹಾಯುದ್ಧವು ಆರಂಭವಾದಾಗ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ ಬಳಿಕ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಅವರು ಹೋದರೂ ಶಾಲೆಗಳು ನಿಲ್ಲಲಿಲ್ಲ. ಏಕೆಂದರೆ ಅಲ್ಲಿ ಕಲಿತು ಬೆಳೆದ ಊರಿನ ಉಪಾಧ್ಯಾಯರು ಆ ಹೊತ್ತಿಗೆ ಸಿದ್ಧರಾಗಿದ್ದರು. ಮಕ್ಕಳ ಸೇವೆಯ ಹಂಬಲವೂ ಮಿಷನ್ನಿನ ಎಲ್ಲೆಯನ್ನು ದಾಟಿ ಹಬ್ಬಿತು. ಪಂಜೆ ಮಂಗೇಶರಾಯರು ಶಿಶುಗೀತಗಳಿಂದಲೂ ಕಥೆಗಳಿಂದಲೂ ಕನ್ನಡದ ಎಳೆಯರಿಗೊಂದು ಸಾಹಿತ್ಯವನ್ನೇ ನಿರ್ಮಿಸಿದರು. ನಮ್ಮ ಗಡಿಗೆ ಹೊಂದಿಕೊಂಡ ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳನ್ನು ಆಟ, ನಾಟಕ, ನೃತ್ಯಗಳಿಗಾಗಿ ಒಂದುಗೂಡಿಸಿದರು. ಇಂದಿನ ವೇಸಗೆ ಶಿಬಿರಗಳ ಚೇತನವನ್ನು ಅವರ ಬಾಲವನದಲ್ಲಿ ಕಾಣಬಹುದು. ಹೊರಗಿನಿಂದ ಬಂದ ಒಳಿತನ್ನು ತನ್ನದಾಗಿಸಿಕೊಳ್ಳುವ ಔದಾರ್ಯಕ್ಕೆ ನಮ್ಮ ನಾಡಿನಲ್ಲಿ ಕೊರತೆಯಿರಲಿಲ್ಲ. ಕ್ರಿಸ್ತನ ಅಂತಿಮ ದಿನವನ್ನು ಕುರಿತ ‘ಗೊಲ್ಗೊಥಾ’ ಖಂಡಕಾವ್ಯವನ್ನು ರಚಿಸಿದವರು ಮಂಜೇಶ್ವರದ ಗೋವಿಂದ ಪೈಗಳಲ್ಲವೆ?

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಬಳಿಕ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವರಿಯದ ಅಧ್ಯಾಪಕರು ನೇಮಕಗೊಂಡುದಕ್ಕಾಗಿ ಇಲ್ಲಿಯ ತಾಯಿತಂದೆಗಳು ಮತ್ತೆ ಮತ್ತೆ ಪ್ರತಿಭಟಿಸಬೇಕಾಗಿ ಬಂದಿದೆ. ಸಾವಿರಾರು ಹರದಾರಿ ದೂರದಿಂದ ಹಡಗಿನಲ್ಲಿ ಬಂದವರು ಮಗುವಿನ ಮಾತನ್ನು ಕಲಿಯದೆ ಕಲಿಸಬಾರದೆಂದು ತಿಳಿದಿದ್ದ ಪ್ರದೇಶದಲ್ಲಿಯೇ ಈ ಸ್ಥಿತಿ ಒದಗಿರುವುದು ದುಃಖದ ಸಂಗತಿ.

ಆದುದರಿಂದ ಸೇವೆಯ ಹಂಬಲವುಳ್ಳ ತರುಣರಲ್ಲಿ ನನ್ನದೊಂದು ವಿಜ್ಞಾಪನೆ. ಪರದೇಶಕ್ಕೆ ಹೋಗುವುದಾದರೆ ಆ ದೇಶದ ಮಾತನ್ನು ಕಲಿತು ಹೋಗಿರಿ. ನೀವು ಮರಳಿದ ಮೇಲೆಯೂ ಕೆಲಸವನ್ನು ಮುಂದುವರಿಸಬಲ್ಲವರನ್ನು ಅಲ್ಲಿ ತಯಾರುಮಾಡಿ ಬನ್ನಿರಿ. ಹೋಗಲಾರದವರು ಈ ವೇಸಗೆಯಲ್ಲಿ ನಿಮ್ಮೂರಿನ ಕನ್ನಡ ಶಾಲೆಗೆ ಹೋಗಿ ಮಕ್ಕಳಿಗೊಂದು ಕಥೆಯನ್ನು ಓದಿಹೇಳಿರಿ. ಅಲ್ಲಿ ನಿಮ್ಮ ಅವಶ್ಯಕತೆ ಬಹಳವಾಗಿದೆ.